ನಿಗದಿತ ಬಿಡುಗಡೆಯೂ ಕನ್ನಡದ ಅಕ್ಷರವೂ: ಮುಕ್ತ ಪ್ರೋಗ್ರಾಮಿಂಗ್ ಭಾಷೆಗಳ ಆವೃತ್ತಿ ಪದ್ಧತಿಯ ಪರಿಶೀಲನೆ

ಮುಕ್ತ ತಂತ್ರಾಂಶವಾಗಿ ಬೆಳೆಯುತ್ತಿರುವ ಪ್ರೋಗ್ರಾಮಿಂಗ್ ಭಾಷೆಗಳ ಹೊಸ ಆವೃತ್ತಿಗಳು ಎರಡು ಬಗೆಯಲ್ಲಿ ಹೊರಬರುತ್ತವೆ. ಯೋಜಿಸಿದ ಕೆಲಸವೆಲ್ಲ ಮುಗಿದ ಮೇಲೆ ಬಿಡುಗಡೆ ಮಾಡುವುದು ಒಂದು. ದಿನಾಂಕವನ್ನು ಮೊದಲೇ ಗೊತ್ತುಮಾಡಿ, ಆ ಹೊತ್ತಿಗೆ ಸಿದ್ಧವಾದಷ್ಟನ್ನು ಬಿಡುಗಡೆ ಮಾಡುವುದು ಇನ್ನೊಂದು. ಎರಡನೆಯದನ್ನು ನಿರ್ವಹಣೆಯ ಅನುಕೂಲಕ್ಕಾಗಿ ಸಮರ್ಥಿಸುವುದು ರೂಢಿ. ಅದರ ಮಹತ್ವ ಅಷ್ಟಕ್ಕೇ ಮುಗಿಯುವುದಿಲ್ಲ. ಸಣ್ಣ ಬಳಕೆದಾರ ಸಮುದಾಯವೊಂದರ ಅಗತ್ಯಕ್ಕಾಗಿಯೇ ಯಾರೂ ಹೊಸ ಆವೃತ್ತಿ ಹೊರತರುವುದಿಲ್ಲ. ಅಂಥ ಅಗತ್ಯ ಈಡೇರಬೇಕಾದರೆ ದಿನಾಂಕ ತಪ್ಪದ ಬಿಡುಗಡೆಯೇ ದಾರಿ ಎಂಬುದು ಈ ಲೇಖನದ ವಾದ. ಕನ್ನಡ ಲಿಪಿಯ ಎರಡು ಚಿಹ್ನೆಗಳು ಪೈಥಾನ್ ಭಾಷೆಯನ್ನು ಸೇರಿದ ಬಗೆ ಇದಕ್ಕೆ ಆಧಾರ.

ಹಳೆಯ ಬರಹದಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ ‘ನಕಾರ ಪೊಲ್ಲು’ 2021ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 14.0 ಆವೃತ್ತಿಯನ್ನು ಸೇರಿತು. ಹವ್ಯಕ ಕನ್ನಡ, ಕೊಂಕಣಿಗಳ ಬರಹಕ್ಕೆ ಬೇಕಾದ, ಅಕ್ಷರದ ಮೇಲೆ ಬಲಬದಿಗೆ ಬರುವ ಅನುಸ್ವಾರ 2022ರ ಸೆಪ್ಟೆಂಬರಿನ 15.0 ಆವೃತ್ತಿಯಲ್ಲಿ ಬಂತು. ಆದರೆ ಪೈಥಾನ್ ಯೂನಿಕೋಡಿನ ದತ್ತಾಂಶವನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ, ಅದರದೇ ಹೊಸ ಆವೃತ್ತಿ ಬರುವ ತನಕ ಹೊಸ ಅಕ್ಷರ ಅದಕ್ಕೆ ತಿಳಿಯುವುದಿಲ್ಲ. ಪೈಥಾನ್ 3.10ರಲ್ಲಿ ನಕಾರ ಪೊಲ್ಲಿನ ಹೆಸರು ಕೇಳಿದರೆ ಅಂಥ ಹೆಸರಿಲ್ಲವೆಂಬ ದೋಷ ಬರುತ್ತದೆ. ಅದು ಅಕ್ಷರವೇ ಎಂದು ಕೇಳಿದರೆ ಅಲ್ಲವೆನ್ನುತ್ತದೆ. 2022ರ ಅಕ್ಟೋಬರಿನ 3.11ರಲ್ಲಿ ಹೆಸರೂ ಸಿಗುತ್ತದೆ, ಅಕ್ಷರವೆಂಬ ಮನ್ನಣೆಯೂ ಸಿಗುತ್ತದೆ. ಅನುಸ್ವಾರದ ಚಿಹ್ನೆ 2023ರ ಅಕ್ಟೋಬರಿನ 3.12ರಲ್ಲಿ ಸೇರಿತು. ಎರಡು ಸಲವೂ ಕಾಯಬೇಕಾದದ್ದು ಸುಮಾರು ಹದಿಮೂರು ತಿಂಗಳು. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಅಚ್ಚಾಗಿವೆ. ಇಂಥ ಪಾಠಗಳನ್ನು ಮೂಲದ ಅಕ್ಷರರೂಪ ಕೆಡದಂತೆ ಗಣಕಕ್ಕೆ ಇಳಿಸಿ, ಪ್ರೋಗ್ರಾಂ ಬರೆದು ಪರಿಶೀಲಿಸುವವರಿಗೆ ಆ ಕಾಯುವಿಕೆಗೆ ಮಿತಿಯಿದೆಯೇ ಎಂಬುದು ಮುಖ್ಯವಾದ ಪ್ರಶ್ನೆ.

ಮಿತಿಯಿಲ್ಲದಿದ್ದಾಗ ಏನಾಗುತ್ತದೆಂಬುದಕ್ಕೆ ಬೇರೆ ಭಾಷೆಗಳ ಚರಿತ್ರೆ ಸಾಕ್ಷಿ. ಪರ್ಲ್ 5.8 ಬಂದದ್ದು 2002ರ ಜುಲೈನಲ್ಲಿ. ಮುಂದಿನ ಮುಖ್ಯ ಆವೃತ್ತಿ 5.10 ಬಂದದ್ದು 2007ರ ಡಿಸೆಂಬರಿನಲ್ಲಿ. 2016ಕ್ಕೆ ಬರಬೇಕಿದ್ದ ಜಾವಾ 9 ಮಾಡ್ಯೂಲ್ ವ್ಯವಸ್ಥೆ ಸಿದ್ಧವಾಗದೆ 2017ರ ಸೆಪ್ಟೆಂಬರಿಗೆ ಹೋಯಿತು. ದೊಡ್ಡದೊಂದು ಕೆಲಸ ತಡವಾದರೆ ಅದರ ಜೊತೆಗಿದ್ದ ಮುಗಿದ ಸಣ್ಣ ಕೆಲಸಗಳೂ ತಡೆದು ನಿಲ್ಲುತ್ತವೆ. ಈ ಅನುಭವದ ನಂತರ ಪರ್ಲ್ 2010ರಿಂದ ವರ್ಷಕ್ಕೊಂದು, ಜಾವಾ 2018ರಿಂದ ಆರು ತಿಂಗಳಿಗೊಂದು ಆವೃತ್ತಿಯ ಕ್ರಮಕ್ಕೆ ಬಂದವು. ಪೈಥಾನ್ 2020ರ 3.9ರಿಂದ ವಾರ್ಷಿಕ ಕ್ರಮ ಹಿಡಿಯಿತು.

ದಿನಾಂಕಕ್ಕೆ ಕಟ್ಟುಬಿದ್ದರೆ ಗುಣಮಟ್ಟ ಕುಸಿಯುತ್ತದೆ ಎಂಬ ಆಕ್ಷೇಪವಿದೆ. ವಾಸ್ತವದಲ್ಲಿ, ಮುಂದಿನ ಅವಕಾಶ ಯಾವಾಗ ಎಂದು ತಿಳಿಯದಿರುವಾಗಲೇ ಅರೆಬರೆ ಕೆಲಸವನ್ನು ತುರುಕುವ ಒತ್ತಡ ಹೆಚ್ಚು. ಪೈಥಾನಿನಲ್ಲಿ ಮೇ ತಿಂಗಳ ಬಳಿಕ ಆ ವರ್ಷದ ಆವೃತ್ತಿಗೆ ಹೊಸ ಸೌಲಭ್ಯ ಸೇರಿಸುವಂತಿಲ್ಲ. ಅಕ್ಟೋಬರಿನ ತನಕ ದೋಷ ತಿದ್ದುವುದಷ್ಟೇ ಕೆಲಸ. ನಕಾರ ಪೊಲ್ಲು 3.10ಕ್ಕೆ ಸೇರದೆಹೋದದ್ದು ಇದೇ ಕಟ್ಟುನಿಟ್ಟಿನಿಂದ. ವರ್ಷವರ್ಷ ಆವೃತ್ತಿ ಬದಲಿಸುವುದು ಶಾಲೆ, ಕಚೇರಿಗಳಿಗೆ ಆಗದ ಮಾತು ಎಂಬ ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆಂದೇ ಪೈಥಾನಿನ ಪ್ರತಿ ಆವೃತ್ತಿಗೂ ಐದು ವರ್ಷಗಳ ಬೆಂಬಲವಿದೆ. ಬಿಡುಗಡೆ ನಿಯಮಿತವಾದರೆ ಬಳಸುವವರೂ ನಿಯಮಿತವಾಗಿ ಬದಲಿಸಲೇಬೇಕೆಂದಿಲ್ಲ. ಜನಬಲವಿಲ್ಲದ ಯೋಜನೆಗೆ ಇದು ಹೊರೆ ಎಂಬುದು ಮೂರನೆಯದು. ಪರ್ಲ್ ತನ್ನ ಮಾಸಿಕ ಪ್ರಯೋಗಾವೃತ್ತಿಗಳ ಹೊಣೆಯನ್ನು ಬೇರೆ ಬೇರೆ ಸ್ವಯಂಸೇವಕರಿಗೆ ಸರದಿಯಂತೆ ಹಂಚಿ, ಒಬ್ಬರ ಮೇಲೇ ಬೀಳುತ್ತಿದ್ದ ಭಾರವನ್ನು ಇಳಿಸಿತು. ಅಂತರ ಎಷ್ಟೆಂಬುದನ್ನು ಆಯಾ ಯೋಜನೆ ತನ್ನ ಶಕ್ತಿಗೆ ತಕ್ಕಂತೆ ತೀರ್ಮಾನಿಸಬಹುದು. ತೀರ್ಮಾನಿಸಿದ ದಿನಾಂಕ ತಪ್ಪಬಾರದು.

ಕನ್ನಡಕ್ಕೆ ಇದರಿಂದ ಒದಗುವ ಕರ್ತವ್ಯ ಸ್ಪಷ್ಟ. ಲಿಪಿಯ ಕೊರತೆಗಳನ್ನು ಗುರುತಿಸಿ ಪ್ರಸ್ತಾವ ಸಲ್ಲಿಸುವ ವಿದ್ವಾಂಸರು ಈ ಭಾಷೆಗಳ ಬಿಡುಗಡೆಯ ವೇಳಾಪಟ್ಟಿಯನ್ನೂ ಗಮನದಲ್ಲಿಟ್ಟು ಕೆಲಸ ಮಾಡಬೇಕು. ನಮ್ಮಲ್ಲೇ ರೂಪುಗೊಳ್ಳುವ ಮುಕ್ತ ಫಾಂಟು, ನಿಘಂಟು, ಭಾಷಾ ತಂತ್ರಾಂಶಗಳೂ ವರ್ಷಕ್ಕೊಮ್ಮೆಯಾದರೂ ಹೇಳಿದ ದಿನ ಹೊರಬರಬೇಕು.