ತಾಲೀಮು ಬಿಡದವರು



ನಮ್ಮ ಬಸವಾಪಟ್ಟಣದ ಹಳೆಯ ಕೋಟೆಯ ಬಳಿ ನೀವು ಎಷ್ಟೋ ಸಲ ಓಡಾಡಿರುತ್ತೀರಿ. ಈ ಊರಿಗಾಗಿ ಎಷ್ಟು ಸೈನ್ಯಗಳು ಬಂದು ಹೋದವು ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಮೊದಲು ಇದು ಹನುಮಪ್ಪ ನಾಯಕರ ಮನೆತನದ ಪಾಳೆಯಪಟ್ಟಿನ ನೆಲೆ. 17ನೆಯ ಶತಮಾನದ ಮೂವತ್ತರ ದಶಕದ ಕೊನೆಯಲ್ಲಿ ಬಿಜಾಪುರದ ಆದಿಲ್‌ಶಾಹಿ ಸೇನಾಪತಿ ರಣದುಲ್ಲಾ ಖಾನನ ದಂಡು ಇಲ್ಲಿಗೆ ಬಂತು. ನಾಯಕರ ಮನೆತನ ಸಂತೇಬೆನ್ನೂರಿನ ಕಡೆಗೂ ಕೊನೆಗೆ ತರೀಕೆರೆಗೂ ಸರಿಯಿತು. 1686ರಲ್ಲಿ ಬಿಜಾಪುರವೇ ಮೊಗಲರ ಕೈಸೇರಿತು. ಮರುವರ್ಷ ಏರ್ಪಟ್ಟ ಸಿರಾ ಸುಬಾದ ಏಳು ಪರಗಣೆಗಳಲ್ಲಿ ಬಸವಾಪಟ್ಟಣವೂ ಒಂದಾಯಿತು. ಆಮೇಲೆ ಹೈದರಾಲಿ, ಟಿಪ್ಪು ಸುಲ್ತಾನ್, 1799ರ ನಂತರ ಮೈಸೂರು ಅರಸರು ಮತ್ತು ಇಂಗ್ಲಿಷರು. ನಮ್ಮ ಕಾಲದಲ್ಲಿಯೂ ಬದಲಾವಣೆ ನಿಂತಿಲ್ಲ. 1997ರಲ್ಲಿ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಿಂದ ದಾವಣಗೆರೆಗೆ ಸೇರಿತು.

ಇಷ್ಟು ಮಂದಿ ಆಳಿ ಹೋದ ಊರಿನಲ್ಲಿ ಅವರ ದಂಡು, ಖಜಾನೆ, ಕುದುರೆ ಯಾವುದೂ ಉಳಿದಿಲ್ಲ. ಆದರೆ ಆ ಕಾಲದ ಸಿಪಾಯಿಗಳು ಆಡುತ್ತಿದ್ದ ಕೆಲವು ಮಾತುಗಳು ನಮ್ಮ ಕನ್ನಡದಲ್ಲಿ ಗಟ್ಟಿಯಾಗಿ ಉಳಿದಿವೆ. ಕುಸ್ತಿ, ಪೈಲ್ವಾನ್, ಪೇಚು ಇವು ಪಾರಸಿಯಿಂದ ಬಂದವು. ಗರಡಿಯ ಗುರುವಿಗೆ ನಮ್ಮ ಜನ ‘ವಸ್ತಾದಿ’ ಎನ್ನುತ್ತಾರೆ, ಅದು ‘ಉಸ್ತಾದ್’. ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಶಬ್ದ ‘ತಾಲೀಮು’. ಅರಬಿಯಲ್ಲಿ ತಅಲೀಮ್ ಎಂದರೆ ಕಲಿಸುವುದು, ಶಿಕ್ಷಣ. ‘ಇಲ್ಮ್’ ಎಂಬ ಮೂಲದಿಂದಲೇ ಹುಟ್ಟಿದ್ದು. ನಮ್ಮ ಮನೆಗಳ ಉರ್ದುವಿನಲ್ಲಿ ಇಂದಿಗೂ ತಾಲೀಮ್ ಎಂದರೆ ವಿದ್ಯಾಭ್ಯಾಸ. ಕನ್ನಡದವರು ಅದೇ ಶಬ್ದವನ್ನು ಮೈಗೆ ಮಣ್ಣು ಮೆತ್ತಿಕೊಂಡು ಮಾಡುವ ಅಭ್ಯಾಸಕ್ಕೆ ಇಟ್ಟುಕೊಂಡರು. ಶಾಲೆಗೂ ಗರಡಿಗೂ ಒಂದೇ ಹೆಸರು. ಶಿಕ್ಷಣ ಸಂಸ್ಥೆಯೊಂದರ ಸಂಚಿಕೆಯಲ್ಲಿ ಕುಸ್ತಿಯ ಮಾತೇಕೆ ಎಂದು ಯಾರಾದರೂ ಕೇಳಿದರೆ ಇದೇ ನನ್ನ ಉತ್ತರ.

ಈಗ ವಿಷಯಕ್ಕೆ ಬರೋಣ. ಜೂನ್ ತಿಂಗಳಲ್ಲಿ ಹುಮ್ಮಸ್ಸಿನಿಂದ ಗರಡಿಗೋ ಕರಾಟೆ ತರಗತಿಗೋ ಸೇರುವ ಹುಡುಗರಲ್ಲಿ ದಸರಾ ರಜೆಯ ಹೊತ್ತಿಗೆ ಉಳಿಯುವವರು ಎಷ್ಟು ಮಂದಿ ಎಂದು ಯಾವ ವಸ್ತಾದಿಯನ್ನು ಬೇಕಾದರೂ ಕೇಳಿ ನೋಡಿ. ಒಬ್ಬ ತಾಲ್ಲೂಕು ಪಂದ್ಯದಲ್ಲಿ ಸೋತ; ನಾಚಿಕೆಯಾಯಿತು, ಬಿಟ್ಟ. ಇನ್ನೊಬ್ಬನಿಗೆ ಭುಜ ನೋವಾಯಿತು, ತಾಯಿ ಬೇಡವೆಂದರು. ಮತ್ತೊಬ್ಬ ಪಿಯುಸಿಗೆ ದಾವಣಗೆರೆಗೆ ಹೋದ. ಅಲ್ಲಿ ಹಳೆಯ ಉಸ್ತಾದರಿಲ್ಲ, ಹಳೆಯ ಜೊತೆಗಾರರಿಲ್ಲ. ಕೆಲವರಿಗೆ ಯಾವ ಕಾರಣವೂ ಇಲ್ಲ, ಉತ್ಸಾಹ ಇಳಿಯಿತು, ಅಷ್ಟೇ. ಇವರನ್ನು ನಾನು ನಿಂದಿಸುತ್ತಿಲ್ಲ. ಉತ್ಸಾಹ ಇಳಿಯುವುದು ಮನುಷ್ಯನ ಸ್ವಭಾವ. ಅದು ಇಳಿದ ದಿನ ಹಿಂದಿನವರು ಏನು ಮಾಡಿದರು ಎಂಬುದನ್ನು ಇತಿಹಾಸದಲ್ಲಿ ಹುಡುಕಿದರೆ ಕೆಲವು ಒಳ್ಳೆಯ ಸಂಗತಿಗಳು ಸಿಗುತ್ತವೆ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ ‘ಮಲ್ಲವಿನೋದ’ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಹೇಗೆ ವಿಂಗಡಿಸಬೇಕು, ಅವರಿಗೆ ಕಾಳು, ಮಾಂಸ, ಹಾಲು, ಸಕ್ಕರೆ ಕೊಡುವುದು ಹೇಗೆ ಅರಸನ ಹೊಣೆ ಎಂಬುದೆಲ್ಲ ಅಲ್ಲಿದೆ. ಪಟ್ಟುಗಳ ಹೆಸರುಗಳೂ ಇವೆ. ಆದರೆ ಆ ಪಟ್ಟನ್ನು ಹಾಕುವುದು ಹೇಗೆ ಎಂಬ ವಿವರಣೆ ಇಲ್ಲ! ಅರಸನ ಗ್ರಂಥಕ್ಕೂ ಹೆಸರನ್ನಷ್ಟೇ ಕಾಪಾಡಲು ಸಾಧ್ಯವಾಯಿತು. ಪಟ್ಟು ಇರುವುದು ಉಸ್ತಾದರ ಕೈಯಲ್ಲಿ. ಅಲ್ಲಿಂದ ಶಿಷ್ಯನ ಕೈಗೆ. ನಡುವೆ ಒಂದು ತಲೆಮಾರು ಗರಡಿಗೆ ಬರುವುದನ್ನು ನಿಲ್ಲಿಸಿದರೆ ಮುಂದಿನವರಿಗೆ ಉಳಿಯುವುದು ಬರೀ ಹೆಸರು. ನಿಮ್ಮಲ್ಲೊಬ್ಬ ಬಿಟ್ಟು ಹೋದಾಗ ಉಸ್ತಾದರ ಮುಖ ಏಕೆ ಬಾಡುತ್ತದೆ ಎಂದು ಈಗ ತಿಳಿಯಿತಲ್ಲ?

ಇನ್ನೊಂದು ಚಿತ್ರ ವಿಜಯನಗರದ್ದು. ಸುಮಾರು 1520ರಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದೇ ಎಣ್ಣೆ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುತ್ತಿದ್ದ. ಆಮೇಲೆ ಕತ್ತಿ ಹಿಡಿದು ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೆ ಸಾಧನೆ. ನಂತರ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ. ಕೊನೆಗೆ ಕುದುರೆ ಸವಾರಿ. ಇದೆಲ್ಲ ಬೆಳಕು ಹರಿಯುವ ಮುನ್ನ. ಮಹಾನವಮಿಯ ಉತ್ಸವದಲ್ಲಿ ಸಾವಿರಾರು ಜನರೆದುರು ಕುಸ್ತಿ ನೋಡುತ್ತ ಕೂರುವ ಅರಸನೇ ತನ್ನ ಸಾಮು ಮಾಡುತ್ತಿದ್ದುದು ಚಪ್ಪಾಳೆಯಿಲ್ಲದ ಕತ್ತಲೆಯಲ್ಲಿ. ಫಜರ್ ನಮಾಜಿಗೆ ಎದ್ದು ರೂಢಿಯಿರುವ ನಮ್ಮ ಹುಡುಗರಿಗೆ ಆ ಹೊತ್ತು ಹೊಸದೇನಲ್ಲ. ನಮಾಜು ಮುಗಿಸಿ ಮತ್ತೆ ಹೊದ್ದು ಮಲಗುವ ರೂಢಿಯನ್ನು ಬಿಡಬೇಕು, ಅಷ್ಟೇ.

ಸೋಲಿನ ವಿಷಯಕ್ಕೆ ಬಂದಾಗ ನಮ್ಮ ದೀನಿನ ಇತಿಹಾಸವನ್ನೇ ನೋಡಬೇಕು. ಪ್ರವಾದಿವರ್ಯರು (ಸ) ರುಕಾನಾ ಎಂಬ ಮಲ್ಲನನ್ನು ಕುಸ್ತಿಯಲ್ಲಿ ಕೆಡವಿದ ವರದಿಯನ್ನು ಭಾಷಣಗಳಲ್ಲಿ ನೀವು ಕೇಳಿರಬಹುದು. ಅದನ್ನು ಉಲ್ಲೇಖಿಸಿದ ಇಮಾಮ್ ತಿರ್ಮಿದಿಯವರೇ ಅದರ ಸನದು ದೃಢವಾಗಿಲ್ಲ ಎಂದಿರುವುದರಿಂದ ನಾನು ಅದರ ಮೇಲೆ ಭಾರ ಹಾಕುವುದಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಬುಖಾರಿಯಲ್ಲಿರುವ ಒಂದು ಪ್ರಸಂಗ. ಪ್ರವಾದಿವರ್ಯರ (ಸ) ಬಳಿ ಅದ್ಬಾ ಎಂಬ ಹೆಣ್ಣೊಂಟೆಯಿತ್ತು; ಓಟದಲ್ಲಿ ಅದನ್ನು ಹಿಂದಿಕ್ಕಿದವರಿರಲಿಲ್ಲ. ಒಂದು ದಿನ ಯಾರೋ ಹಳ್ಳಿಗ ಅರಬ ತನ್ನ ಎಳೆಯ ಒಂಟೆಯೇರಿ ಬಂದು ಅದನ್ನು ಸೋಲಿಸಿಬಿಟ್ಟ. ಸಹಾಬಿಗಳಿಗೆ ಬಹಳ ಬೇಸರವಾಯಿತು. ಅವರ ಮುಖ ನೋಡಿ ಪ್ರವಾದಿವರ್ಯರು (ಸ), ಲೋಕದಲ್ಲಿ ಮೇಲೇರಿದ ಯಾವುದನ್ನೂ ಅಲ್ಲಾಹನು ಒಮ್ಮೆ ಕೆಳಗಿಳಿಸದೆ ಬಿಡುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಗಮನಿಸಿ: ಅವರು ಒಂಟೆಯನ್ನೂ ಬಯ್ಯಲಿಲ್ಲ, ಆ ಹಳ್ಳಿಗನನ್ನೂ ಬಯ್ಯಲಿಲ್ಲ.

ಹಜರತ್ ಆಯಿಶಾ (ರ) ಅವರ ಓಟದ ಪ್ರಸಂಗ ಅಬೂದಾವೂದಿನಲ್ಲಿದೆ. ಪ್ರಯಾಣವೊಂದರಲ್ಲಿ ಅವರು ಪ್ರವಾದಿವರ್ಯರೊಡನೆ (ಸ) ಓಡಿ ಗೆದ್ದರು. ಎಷ್ಟೋ ಕಾಲದ ಮೇಲೆ, ಅವರ ಮೈ ತುಂಬಿಕೊಂಡ ನಂತರ, ಮತ್ತೆ ಓಡಿದರು. ಈ ಸಲ ಸೋತರು. ಅದಕ್ಕೆ ಇದು ಸರಿಹೋಯಿತು ಎಂದು ಪ್ರವಾದಿವರ್ಯರು (ಸ) ಪರಿಹಾಸ್ಯ ಮಾಡಿದರು. ಮೈ ಬದಲಾಗುತ್ತದೆ, ಫಲಿತಾಂಶವೂ ಬದಲಾಗುತ್ತದೆ; ಆದರೂ ಎರಡನೆಯ ಸಲ ಓಡಿದ್ದರಲ್ಲ, ಅದನ್ನು ನೋಡಿ. ಉಹುದ್ ಯುದ್ಧದ ಸಂದರ್ಭದ ಸಮುರಾ ಬಿನ್ ಜುಂದುಬ್ (ರ) ಅವರ ಕಥೆಯೂ ಹುಡುಗರಿಗೆ ಹೇಳಬೇಕಾದ್ದೇ. ಎಳೆಯ ವಯಸ್ಸಿನವರೆಂದು ಅವರನ್ನು ಹಿಂದಕ್ಕೆ ಕಳುಹಿಸಲಾಗಿತ್ತು. ಬಿಲ್ಲುಗಾರನೆಂದು ರಾಫಿ ಬಿನ್ ಖದೀಜ್ (ರ) ಅವರಿಗೆ ಅನುಮತಿ ಸಿಕ್ಕಾಗ, ಕುಸ್ತಿಯಲ್ಲಿ ರಾಫಿಯನ್ನು ನಾನು ಕೆಡವಬಲ್ಲೆ ಎಂದು ಸಮುರಾ ಅರಿಕೆ ಮಾಡಿಕೊಂಡರು. ಅಲ್ಲಿಯೇ ಕುಸ್ತಿ ನಡೆಯಿತು, ಸಮುರಾ ಗೆದ್ದರು, ಅವರಿಗೂ ಅನುಮತಿ ದೊರೆಯಿತು.

ಇನ್ನು ನಮ್ಮ ನಾಡಿನ ಇತಿಹಾಸಕ್ಕೆ ಮರಳಿದರೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸಿಪಾಯಿಗಳಿಗೆ ಸಂಬಳವಿಲ್ಲದಾಯಿತು. ಕತ್ತಿವರಸೆ, ಕೋಲುವರಸೆ, ಕುಸ್ತಿ ಇವು ಹೊಟ್ಟೆ ಹೊರೆಯುವ ವಿದ್ಯೆಗಳಾಗಿದ್ದವು. ದಂಡೇ ಇಲ್ಲವಾದ ಮೇಲೆ ಅವು ಅಳಿಯಬೇಕಾಗಿತ್ತು. ಹಾಗಾಗಲಿಲ್ಲ. ಕೋಲು, ಕತ್ತಿಯ ವರಸೆಗಳು ಮೊಹರಮ್ ಮೆರವಣಿಗೆಯಲ್ಲಿ ಉಳಿದವು. ಕುಸ್ತಿ ಊರೂರ ಗರಡಿಗಳಲ್ಲಿ, ಜಾತ್ರೆಯ ಅಖಾಡಗಳಲ್ಲಿ ಉಳಿಯಿತು. ಮೈಸೂರಿನಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ದಸರೆಯ ಅಂಗವಾಗಿ ಇಂದಿಗೂ ನಡೆಯುತ್ತದೆ. ವರ್ಷಕ್ಕೊಮ್ಮೆ, ಕೆಲವೇ ನಿಮಿಷ. ಮೊದಲ ರಕ್ತ ಕಾಣುತ್ತಲೇ ಮುಗಿಯಿತು. ಆ ಕೆಲವು ನಿಮಿಷಕ್ಕಾಗಿ ದಿನವೂ ಬೆವರಿಳಿಸುವವರು ಇರುವುದರಿಂದ ಅದು ಉಳಿದಿದೆ. ಸಂಬಳವಿಲ್ಲದ ವಿದ್ಯೆಯನ್ನು ತಮ್ಮ ಕೆಲಸದ ನಡುವೆಯೇ ಕಾಪಾಡಿಕೊಂಡು ಬಂದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಹೆಸರು ಉಳಿದವರಲ್ಲಿ ಗಾಮಾ ಪೈಲ್ವಾನರನ್ನು ಬಿಡುವಂತಿಲ್ಲ. ಗುಲಾಮ್ ಮುಹಮ್ಮದ್ ಎಂಬುದು ಅವರ ಹೆಸರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡವರು. ಹರೆಯದಲ್ಲಿ ತಮಗಿಂತ ಬಹಳ ಎತ್ತರದ ರಹೀಮ್ ಬಖ್ಷ್ ಸುಲ್ತಾನಿವಾಲಾ ಅವರ ಎದುರು ನಿಂತರು, ಕುಸ್ತಿ ಸಮವಾಯಿತು. ಮತ್ತೆ ನಿಂತಾಗಲೂ ತೀರ್ಮಾನವಾಗಲಿಲ್ಲ. 1910ರಲ್ಲಿ ಲಂಡನ್ನಿಗೆ ಹೋದರೆ, ಕುಳ್ಳನೆಂದು ಸ್ಪರ್ಧೆಗೇ ಸೇರಿಸಿಕೊಳ್ಳಲಿಲ್ಲ. ಸವಾಲು ಹಾಕಿ, ಬಂದವರನ್ನು ಕೆಡವಿ, ಕೊನೆಗೆ ಸೆಪ್ಟೆಂಬರ್ 10ರಂದು ಪೋಲೆಂಡಿನ ಜ಼್ಬಿಸ್ಕೋ ಎದುರು ಅಖಾಡಕ್ಕಿಳಿದರು. ಆತ ನೆಲಕ್ಕೆ ಅಂಟಿಕೊಂಡು ಎರಡೂವರೆ ಗಂಟೆಗೂ ಹೆಚ್ಚು ಕಾಲ ಕಳೆದ, ಚಿತ್ ಆಗಲಿಲ್ಲ. ಮರು ಕುಸ್ತಿಯ ದಿನ ಆತ ಬರಲೇ ಇಲ್ಲ. ಊರಿಗೆ ಮರಳಿದ ಮೇಲೆ ಅಲಹಾಬಾದಿನಲ್ಲಿ ರಹೀಮ್ ಬಖ್ಷರ ಮೇಲೂ ಗೆಲುವು ಬಂತು. ಜ಼್ಬಿಸ್ಕೋ ಜೊತೆಗಿನ ಲೆಕ್ಕ ಮಾತ್ರ ಪೂರ್ತಿ ಚುಕ್ತಾ ಆದದ್ದು 1928ರಲ್ಲಿ, ಪಟಿಯಾಲದಲ್ಲಿ. ಒಂದು ನಿಮಿಷವೂ ಬೇಕಾಗಲಿಲ್ಲವಂತೆ. ನಡುವೆ ಹದಿನೆಂಟು ವರ್ಷ. ಗಾಮಾ ಅವರಿಗೆ ಆಗ ಐವತ್ತರ ಆಸುಪಾಸು. ಅಷ್ಟು ವರ್ಷ ದಿನವೂ ದಂಡ, ಬಸ್ಕಿ ತಪ್ಪಿಸದಿದ್ದರೆ ಆ ಒಂದು ನಿಮಿಷ ಎಲ್ಲಿಂದ ಬರಬೇಕು?

ಆದರೆ ಬದಲಾವಣೆಯ ಪಾಠಕ್ಕೆ ಗಾಮಾ ಅವರಿಗಿಂತ ಖಾಶಾಬಾ ಜಾಧವರೇ ಹೆಚ್ಚು ಹತ್ತಿರ ಎಂದು ನನ್ನ ಅಭಿಪ್ರಾಯ. ನಮ್ಮ ಬೆಳಗಾವಿಗೆ ಹೊಂದಿಕೊಂಡ ಕೊಲ್ಹಾಪುರ ಸೀಮೆಯ ಕುಸ್ತಿಯಲ್ಲಿ ಬೆಳೆದವರು, ಕರಾಡ ಬಳಿಯ ಗೋಳೇಶ್ವರ ಗ್ರಾಮದವರು. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಕಾಲಕೆಳಗೆ ಕೆಂಪು ಮಣ್ಣಿರಲಿಲ್ಲ, ಮ್ಯಾಟ್ ಇತ್ತು. ಮಣ್ಣಿನಲ್ಲಿ ಕಾಲು ಹೂತು ನಿಲ್ಲುತ್ತದೆ. ಮ್ಯಾಟಿನ ಮೇಲೆ ಕಾಲಿನ ಹಿಡಿತವೇ ಬೇರೆ, ವೇಗವೇ ಬೇರೆ. ನಿಯಮಗಳೂ ಬೇರೆ, ನಮ್ಮಲ್ಲಿ ಚಿತ್ ಮಾಡಿದರೆ ಗೆಲುವು, ಅಲ್ಲಿ ಅಂಕಗಳ ಲೆಕ್ಕವೂ ಇತ್ತು. ಜಾಧವರು ಆರನೆಯ ಸ್ಥಾನಕ್ಕೆ ನಿಂತರು. ಚಿಕ್ಕಂದಿನಿಂದ ಕಲಿತದ್ದೆಲ್ಲ ವ್ಯರ್ಥವೆಂದು ಬಿಟ್ಟುಬಿಡಬಹುದಿತ್ತು. ಅವರು ಹೊಸ ನಿಯಮಕ್ಕೆ ತಕ್ಕಂತೆ ಮತ್ತೆ ವಿದ್ಯಾರ್ಥಿಯಾದರು, ತೂಕದ ವರ್ಗವನ್ನೂ ಬದಲಿಸಿ 57 ಕಿಲೋ ವಿಭಾಗಕ್ಕೆ ಬಂದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ಊರವರು ಚಂದಾ ಎತ್ತಿದರು. ಅವರು ಓದಿದ ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲರಾದ ಖರ್ಡೀಕರರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಅಲ್ಲಿ ಜಪಾನಿನ ಇಶಿಯ ವಿರುದ್ಧ ದೀರ್ಘ ಹೋರಾಟದಲ್ಲಿ ಸೋತ ಬೆನ್ನಿಗೇ, ವಿಶ್ರಾಂತಿ ಕೊಡದೆ, ಸೋವಿಯತ್ ದೇಶದ ರಶೀದ್ ಮಮ್ಮದ್‌ಬೆಯೊವ್ ಎದುರು ನಿಲ್ಲಿಸಿದರು. ಆ ಕುಸ್ತಿಯೂ ಕೈಬಿಟ್ಟಿತು. ಆದರೂ ಕಂಚಿನ ಪದಕ ಅವರದಾಯಿತು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಮರಳಿ ಬಂದವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕುಸ್ತಿ ಪಂದ್ಯಗಳನ್ನು ಏರ್ಪಡಿಸಿ ಗುರುಗಳ ಮನೆಯ ಸಾಲವನ್ನು ತೀರಿಸಿದ್ದು.

ಊರು ಬಿಟ್ಟು ಓದಲು ಹೋಗುವವರೇ, ನಿಮಗೂ ಇದೇ ಮ್ಯಾಟಿನ ಪ್ರಶ್ನೆ ಬರುತ್ತದೆ. ಊರಿನ ಮಣ್ಣಿನ ಗರಡಿ ಅಲ್ಲಿರದಿರಬಹುದು. ಕರಾಟೆಯೋ ಜೂಡೋವೋ ಇರುತ್ತದೆ. ಏನೂ ಸಿಗದಿದ್ದರೆ ಹಾಸ್ಟೆಲಿನ ಕೋಣೆಯಲ್ಲಿ ಐವತ್ತು ಬಸ್ಕಿ ಹೊಡೆಯಲು ಯಾರ ಅಪ್ಪಣೆಯೂ ಬೇಡ. ಪರೀಕ್ಷೆಯ ತಿಂಗಳಲ್ಲಿ ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ. ರಮಜಾನಿನಲ್ಲಿ ಹಗಲು ಬೇಡ. ಇಫ್ತಾರ್ ಆಗಿ ಹೊಟ್ಟೆ ಹಗುರಾದ ಮೇಲೆ ಸ್ವಲ್ಪ ಹೊತ್ತು ಸಾಕು. ಗಾಯವಾದಾಗ ವೈದ್ಯರ ಮಾತು ಕೇಳಿ ಸುಮ್ಮನಿರಿ, ಆದರೆ ಗರಡಿಗೆ ಹೋಗಿ ಕಟ್ಟೆಯ ಮೇಲೆ ಕುಳಿತು ನೋಡಿ. ಇತರರು ಎಲ್ಲಿ ತಪ್ಪುತ್ತಾರೆ ಎಂಬುದು ಆಗ ಕಾಣುವಷ್ಟು ಮಣ್ಣಿನೊಳಗಿದ್ದಾಗ ಕಾಣುವುದಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಇದೆಲ್ಲ ಸಂಬಂಧವಿಲ್ಲ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ನೆರೆಯ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ ಅವರ ವೃತ್ತಾಂತವನ್ನು ಹೇಳಿ. ಆಕೆಯನ್ನು ಆಟದ ಮೈದಾನಕ್ಕೆ ಕರೆದೊಯ್ದವರು ತಂದೆಯೇ. 2011ರಲ್ಲಿ ಕಿರಿಯರ ವಿಶ್ವ ಚಾಂಪಿಯನ್. 2017ರಲ್ಲಿ ಭುಜಕ್ಕೆ ಪೆಟ್ಟಾಗಿ ಬಾಕ್ಸಿಂಗಿನಿಂದ ದೂರ ಉಳಿಯಬೇಕಾಯಿತು. 2019ರ ಡಿಸೆಂಬರಿನ ಆಯ್ಕೆ ಪಂದ್ಯದಲ್ಲಿ ಮೇರಿ ಕೋಮ್ ಎದುರು 9-1ರ ಸೋಲು, ಅದೂ ದೇಶವೆಲ್ಲ ನೋಡುತ್ತಿರುವಾಗ. 2022ರಲ್ಲಿ ಇಸ್ತಾಂಬುಲಿನಲ್ಲಿ 52 ಕಿಲೋ ವಿಭಾಗದ ವಿಶ್ವ ಚಾಂಪಿಯನ್. 2023ರಲ್ಲಿ ದೆಹಲಿಯಲ್ಲಿ, ತೂಕ ಇಳಿಸಿ, 50 ಕಿಲೋ ವಿಭಾಗದಲ್ಲಿ ಮತ್ತೊಮ್ಮೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಚೀನಾದ ವೂ ಯು ಎದುರು ಸೋತು ಕಣ್ಣೀರಿಟ್ಟರು. ಆಮೇಲೆ ಮತ್ತೆ ಕೈಗೆ ಪಟ್ಟಿ ಸುತ್ತಿಕೊಂಡು ರಿಂಗಿಗೆ ಇಳಿದರು.