ಡಂಗುರ, ಬಿಟ್ಟಿ, ಹೊಲಗೇರಿ: ನುಡಿಗಟ್ಟಿನ ಪಾಠದೊಳಗಿನ ಚರಿತ್ರೆ

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು.’ ಕನ್ನಡ ಶಾಲೆಯಲ್ಲಿ ಓದಿದ ಯಾರನ್ನೇ ಕೇಳಿ, ಗಾದೆ ವಿಸ್ತರಿಸಿ ಎಂಬ ಪ್ರಶ್ನೆಗೆ ಉತ್ತರ ಶುರುವಾಗುತ್ತಿದ್ದುದು ಈ ವಾಕ್ಯದಿಂದಲೇ. ಇಷ್ಟು ಬರೆದರೆ ಒಂದು ಅಂಕ ಗ್ಯಾರಂಟಿ ಅಂತ ಮೇಷ್ಟ್ರೇ ಹೇಳಿಕೊಟ್ಟಿರುತ್ತಾರೆ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಲೋಹ ಇಲ್ಲವೆ ಅರಗು ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ವಿಧಿಸಿತ್ತು. ಅಂಥ ದೇಶದಲ್ಲಿ ಕೇರಿಯ ಮಗು ತನ್ನ ಅಜ್ಜಿಯ ಮಾತನ್ನು ತೂಗಲು ವೇದವನ್ನೇ ತೂಕದ ಕಲ್ಲಾಗಿ ಇಟ್ಟುಕೊಳ್ಳಬೇಕು. ಇದು ನಮ್ಮ ಮೇಷ್ಟ್ರುಗಳಿಗೆ ವಿಚಿತ್ರ ಅನ್ನಿಸಿಯೇ ಇಲ್ಲ.

ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನುಡಿಗಟ್ಟು ಕಲಿಸುವಾಗ ಹೇಳಿಕೊಡುವ ಸೂತ್ರ ಒಂದೇ: ಪದದ ನೇರ ಅರ್ಥ ಬಿಡಿ, ಒಳಗಿನ ಅರ್ಥ ಹಿಡಿಯಿರಿ. ವಾಚ್ಯಾರ್ಥ ಬೇಡ, ಲಕ್ಷ್ಯಾರ್ಥ ಬೇಕು. ಸರಿಯೇ. ಆದರೆ ಯಾರಿಗೆ ಅದು ಲಕ್ಷ್ಯಾರ್ಥ ಎಂಬುದನ್ನು ಕೇಳಬೇಕಾಗಿದೆ.

ಸಿರುಗುಪ್ಪ ತಾಲ್ಲೂಕಿನ ಒಂದು ಶಾಲೆಯ ಏಳನೆಯ ತರಗತಿಯ ನೋಟ್‌ಬುಕ್ಕೊಂದು ನನ್ನ ಕೈಗೆ ಬಂದಿತ್ತು. ‘ಡಂಗುರ ಸಾರು’ ಎಂಬುದನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕು. ಹುಡುಗ ಬರೆದಿದ್ದ: ‘ನಮ್ಮ ತಾತ ಊರಾಗ ಡಂಗುರ ಸಾರತಿದ್ದ.’ ಅದರ ಮೇಲೆ ಕೆಂಪು ಶಾಯಿಯ ಗೀಟು, ಪಕ್ಕದಲ್ಲಿ ‘ನುಡಿಗಟ್ಟಿನ ಅರ್ಥ ಬಂದಿಲ್ಲ’. ‘ಗೆಳೆಯನ ಗುಟ್ಟನ್ನು ಅವನು ಊರಿಗೆಲ್ಲ ಡಂಗುರ ಸಾರಿದ’ ಎಂದಿದ್ದರೆ ಪೂರ್ತಿ ಅಂಕ. ವ್ಯಾಕರಣದ ಲೆಕ್ಕದಲ್ಲಿ ಮೇಷ್ಟ್ರದು ತಪ್ಪಲ್ಲ. ಆದರೆ ಆ ಗೀಟು ಬಿದ್ದದ್ದು ಒಂದು ಚರಿತ್ರೆಯ ಮೇಲೆ. ಸತ್ತ ದನ ಹೊತ್ತವರು, ಚರ್ಮ ಹದ ಮಾಡಿದವರು, ಹಲಗೆ ಕಟ್ಟಿ ಬಾರಿಸಿದವರು ನಮ್ಮ ಕೇರಿಯವರು. ಸಾರಿದ ಮಾತು ಮಾತ್ರ ಅವರದಲ್ಲ. ಕಂದಾಯ ಕಟ್ಟಬೇಕಂತೆ, ನಾಳೆ ಜಾತ್ರೆಯಂತೆ! ಇಡೀ ಊರಿಗೆ ಕೇಳುವಂತೆ ಕೂಗಿದವನಿಗೆ ಸ್ವಂತದ್ದೊಂದು ಮಾತನ್ನು ಕೂಗುವ ಹಕ್ಕಿರಲಿಲ್ಲ.

1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಂದಾಯದ ಏರ್ಪಾಡು ಮಾಡಿದ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಇದು ಮದರಾಸಿನ ಆಡಳಿತದಲ್ಲಿತ್ತು. ದೊರೆಗಳು ಬದಲಾದರೂ ಊರಚಾಕರಿ ಮಾಡುವ ಕೇರಿ ಬದಲಾಗಲಿಲ್ಲ. ವಂಶಪಾರಂಪರ್ಯ ಗ್ರಾಮ ಚಾಕರಿಯನ್ನು ಕರ್ನಾಟಕದಲ್ಲಿ ರದ್ದು ಮಾಡಿದ್ದು 1961ರ ಕಾಯ್ದೆ, ಅದು ಜಾರಿಗೆ ಬಂದದ್ದು 1963ರಲ್ಲಿ. ಚಾಕರಿಗೆಂದು ಬಿಟ್ಟಿದ್ದ ಇನಾಂ ನೆಲವನ್ನು ಚಾಕರಿ ಮಾಡಿದವರಿಂದಲೇ ದುಡ್ಡು ಕಟ್ಟಿಸಿಕೊಂಡು ಮರುಮಂಜೂರು ಮಾಡುವ ಏರ್ಪಾಡಾಯಿತು. ಕಾಯ್ದೆಯಲ್ಲಿ ಸತ್ತದ್ದು ರೂಢಿಯಲ್ಲಿ ಬಹುಕಾಲ ಉಸಿರಾಡಿತು. ಆ ಹುಡುಗನ ವಾಕ್ಯದಲ್ಲಿರುವ ‘ಸಾರತಿದ್ದ’ ಎಂಬ ಭೂತಕಾಲದ ಹಿಂದೆ ಇಷ್ಟೆಲ್ಲ ಇದೆ.

‘ಬಿಟ್ಟಿ’ ಎಂಬ ಮಾತಿನ ಕಥೆ ಇನ್ನೂ ಕ್ರೂರವಾದದ್ದು. ಇದು ಸಂಸ್ಕೃತದ ‘ವಿಷ್ಟಿ’ಯ ತದ್ಭವ. ಕೂಲಿ ಕೊಡದೆ ಬಲವಂತದಿಂದ ಮಾಡಿಸುವ ದುಡಿಮೆ ಎಂದರ್ಥ. ಕ್ರಿ.ಶ. 150ರ ಸುಮಾರಿನ ಜುನಾಗಢದ ಶಾಸನದಲ್ಲಿ ರುದ್ರದಾಮನು ವಿಷ್ಟಿ ಹೇರದೆ ಸುದರ್ಶನ ಕೆರೆಯ ಕಟ್ಟೆ ಕಟ್ಟಿಸಿದೆನೆಂದು ಹೆಮ್ಮೆಪಡುತ್ತಾನೆ. ಹೇರುವುದೇ ವಾಡಿಕೆಯಾಗಿದ್ದರಿಂದಲ್ಲವೆ ಈ ಹೆಮ್ಮೆ? ಕನ್ನಡ ಶಾಸನಗಳ ತೆರಿಗೆ ಪಟ್ಟಿಗಳಲ್ಲೂ ಬಿಟ್ಟಿ ಉಂಟು. ಗಡಿಸೀಮೆಯ ನಮಗೆ ತೆಲುಗಿನ ‘ವೆಟ್ಟಿಚಾಕಿರಿ’ಯೂ ಗೊತ್ತು. ಸಿರುಗುಪ್ಪದ ಹತ್ತಿರ ತುಂಗಭದ್ರೆ ದಾಟಿದರೆ 1948ರವರೆಗೆ ನಿಜಾಮನ ಸೀಮೆ. ಆ ರಾಜ್ಯದ ತೆಲಂಗಾಣದಲ್ಲಿ ರೈತಕೂಲಿಗಳು ದಂಗೆ ಎದ್ದದ್ದಕ್ಕೆ ಈ ವೆಟ್ಟಿಯೂ ಒಂದು ಕಾರಣ. ಸಂವಿಧಾನದ 23ನೆಯ ವಿಧಿ ಬೇಗಾರಿಯನ್ನು ನಿಷೇಧಿಸಿತು. ಇಂದು ಮಕ್ಕಳಿಗೆ ಬಿಟ್ಟಿ ಎಂದರೇನು? ‘ಪುಕ್ಕಟೆ ಸಿಕ್ಕಿದ್ದು.’ ದುಡಿಸಿಕೊಂಡವನಿಗೆ ಪುಕ್ಕಟೆಯಾಗಿ ಸಿಕ್ಕದ್ದೇ ನಿಘಂಟಿನ ಅರ್ಥವಾಯಿತು, ದುಡಿದವನು ಅರ್ಥದಿಂದಲೇ ಹೊರಗೆ ಬಿದ್ದ. 2023ರಲ್ಲಿ ಗ್ಯಾರಂಟಿ ಯೋಜನೆಗಳು ಬಂದಾಗ ‘ಬಿಟ್ಟಿ ಭಾಗ್ಯ’ ಎಂದು ಮೂಗು ಮುರಿದವರು ಎಷ್ಟು ಮಂದಿ! ಬಿಟ್ಟಿ ದುಡಿದವರ ಮೊಮ್ಮಕ್ಕಳು ಈಗ ಬಿಟ್ಟಿ ತಿನ್ನುವವರು.

ಕೇರಿಯ ಮಕ್ಕಳಿಗೆ ಲಕ್ಷ್ಯಾರ್ಥ ತಿಳಿಯದೆಂದು ದೂರುವವರು 1973ನ್ನು ನೆನೆಯಬೇಕು. ಆ ವರ್ಷದ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದನಕ್ಕಿಡುವ ಬೂಸಾ ಅಲ್ಲಿ ಒಂದು ರೂಪಕ. ಅಲಂಕಾರಶಾಸ್ತ್ರ ಅರೆದು ಕುಡಿದ ನಾಡು ಆ ಒಂದು ರೂಪಕವನ್ನು ರೂಪಕವಾಗಿ ಓದಲಾರದೆ ಹೋಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಯಾರ ಬಾಯಿಂದ ಬಂದರೆ ನುಡಿ ಅಲಂಕಾರವಾಗುತ್ತದೆ, ಯಾರ ಬಾಯಿಂದ ಬಂದರೆ ಅಪರಾಧವಾಗುತ್ತದೆ ಎಂಬುದು ವ್ಯಾಕರಣದ ಪುಸ್ತಕದಲ್ಲಿಲ್ಲ.

ಈಚೆಗೆ ಕುರುಗೋಡಿನಲ್ಲಿ ಕೆಲವು ಶಿಕ್ಷಕರೊಂದಿಗೆ ಒಂದು ದಿನ ಕೂತಿದ್ದೆ. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರು ಅದು. ‘ಊರಿದ್ದ ಮೇಲೆ ಹೊಲಗೇರಿ ಇರಲೇಬೇಕು’ ಎಂಬ ಗಾದೆಯ ಮಾತು ಬಂತು. ಒಳ್ಳೆಯದಿದ್ದಲ್ಲಿ ಕೆಟ್ಟದ್ದೂ ಇರುತ್ತದೆ ಎಂಬುದು ಇದಕ್ಕೆ ಹೇಳುವ ಅರ್ಥ.

‘ಸಾರ್, ನಾ ಆ ಗಾದಿ ಎತ್ತಂಗೇ ಇಲ್ಲ. ಹುಡುಗ್ರು ತಲಿ ತಗ್ಗಿಸಿಬಿಡ್ತಾವ,’ ಅಂದರು ಒಬ್ಬ ಮೇಡಂ. ಅವರ ಕಾಳಜಿ ದೊಡ್ಡದು. ಆದರೆ ನನಗೆ ಒಪ್ಪಿಗೆಯಿಲ್ಲ. ಶಾಲೆ ಬಿಟ್ಟ ಮೇಲೆ ಹೋಟೆಲಿನಲ್ಲಿ, ಬಸ್ಸಿನಲ್ಲಿ ಅದೇ ಗಾದೆ ಆ ಮಕ್ಕಳ ಕಿವಿಗೆ ಬಿದ್ದೇ ಬೀಳುತ್ತದೆ. ಅಲ್ಲಿ ಜವಾಬು ಕೊಡುವ ಬಾಯಿ ಅವಕ್ಕೆ ಶಾಲೆಯಲ್ಲೇ ಬರಬೇಕು. ಈ ಗಾದೆಯನ್ನು ಊರಿನ ಕಡೆ ನಿಂತು ಆಡಿದವರು ಯಾರು? ಕೇರಿಯ ಕಡೆ ನಿಂತು ಆಡಿದರೆ ಅದೇ ಮಾತಿಗೆ ‘ಹೊಲಗೇರಿಯ ದುಡಿಮೆ ಇಲ್ಲದೆ ಊರು ನಿಲ್ಲದು’ ಎಂಬ ಅರ್ಥ ಬರುವುದಿಲ್ಲವೆ? ತರಗತಿಯ ಎಲ್ಲ ಮಕ್ಕಳ ಮುಂದೆ ಈ ಪ್ರಶ್ನೆಗಳನ್ನು ಇಡಲಿ, ಗೌಡರ ಮಗನೂ ಉತ್ತರ ಹುಡುಕಲಿ.

‘ಅದೆಲ್ಲ ಸರಿ ಸಾರ್, ಪೇಪರ್ ತಿದ್ದೋರು ಬ್ಯಾರೆ ಇರ್ತಾರ. ಮಾರ್ಕ್ಸ್ ಹೋದ್ರ?’ ಅಂದರು ಹಿಂದೆ ಕೂತಿದ್ದ ಮೇಷ್ಟ್ರು. ನ್ಯಾಯವಾದ ಮಾತು. ಮಾದರಿ ಉತ್ತರಪತ್ರಿಕೆಯಲ್ಲೇ ಎರಡೂ ವಾಕ್ಯ ಇರಬೇಕು, ಗುಟ್ಟು ಸಾರಿದ ಗೆಳೆಯನದೂ, ಊರಾಗ ಡಂಗುರ ಸಾರಿದ ತಾತನದೂ. ಎರಡಕ್ಕೂ ಪೂರ್ತಿ ಅಂಕ ಎಂದು ಅದರಲ್ಲಿ ಬರೆಯಬೇಕು. ಈ ವರ್ಷದ ತಾಲ್ಲೂಕು ಮಟ್ಟದ ಪ್ರಶ್ನೆಪತ್ರಿಕೆ ತಯಾರಿಸುವವರ ಮುಂದೆ ಇದನ್ನಿಡುವುದೆಂದು ಆ ಮೇಷ್ಟ್ರೂ ನಾನೂ ಮಾತಾಡಿಕೊಂಡಿದ್ದೇವೆ.