ಅಪ್ಪನ ಅಂಬಾಸಿಡರ್, ಅಮ್ಮನ ಬಳೆ

ಏಳನೆಯ ತರಗತಿಗೆ ಸಾರಿಗೆಯ ಪಾಠ ಮಾಡುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಅಂಬಾಸಿಡರ್ ಅಂದ್ರೆ ರಾಯಭಾರಿ ಅಲ್ವಾ? ಕಾರಿಗೆ ಯಾಕೆ ಆ ಹೆಸರು?" ಎಂದು ಕೇಳಿದಳು. ಅವಳು ಆ ಕಾರನ್ನು ಕಂಡವಳೇ ಅಲ್ಲ. ಕಾರು ಎಂದರೆ ಅಂಬಾಸಿಡರ್ ಎಂದೇ ತಿಳಿದು ಬೆಳೆದ ನನಗೆ ನಗುವೂ ಬಂತು, ಕಸಿವಿಸಿಯೂ ಆಯಿತು. ಹೆಸರಿನ ವಿಷಯ ಬಿಟ್ಟು ನಮ್ಮ ಮನೆಯ ಕಾರಿನ ಕಥೆ ಹೇಳಿದೆ. ಬೆಲ್ ಹೊಡೆಯಿತು, ಕಥೆ ಮುಗಿಯಲಿಲ್ಲ. ಮಕ್ಕಳೆದುರು ಹೇಳದೆ ಬಿಟ್ಟದ್ದೂ ಸ್ವಲ್ಪ ಇದೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯನ್ನೇ ತಂದು ಹಿಂದುಸ್ತಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ 1957ರಲ್ಲಿ ಅಂಬಾಸಿಡರ್ ತಯಾರಿಗೆ ತೊಡಗಿದರು. ಮುಂದೆ ಬಹುಕಾಲ ಅದಕ್ಕಿದ್ದದ್ದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್ ಮತ್ತು ನಾಲ್ಕು ಗೇರು, ಅದೂ ಸ್ಟಿಯರಿಂಗಿನ ಪಕ್ಕದಲ್ಲಿ. ತೂಕ ಒಂದು ಟನ್ನಿಗೂ ಮೇಲೆ. ನಮ್ಮ ಪೇಟೆಯ ಡಾಕ್ಟರು, ವಕೀಲರು ಫಿಯೆಟ್ಟನ್ನು ಮೆಚ್ಚುತ್ತಿದ್ದರು. ತೋಟದವರಿಗೆ ಮಾತ್ರ ಅಂಬಾಸಿಡರೇ ಆಗಬೇಕು. ಮದುವೆಯ ದಿಬ್ಬಣಕ್ಕೆ ಒಂಬತ್ತು ಜನ ತುಂಬಿದರೂ ಅದು ಬೇಡ ಎನ್ನುವುದಿಲ್ಲ. ಮರುದಿನ ಅದೇ ಡಿಕ್ಕಿಯಲ್ಲಿ ಅಡಿಕೆ ಗೋಣಿ ಕ್ಯಾಂಪ್ಕೋಗೆ ಹೋಗುತ್ತದೆ.

ಅಪ್ಪ 1982ರಲ್ಲಿ ಆರು ವರ್ಷ ಓಡಿದ್ದ ಬಿಳಿ ಅಂಬಾಸಿಡರ್ ಕೊಂಡರು. ನಮ್ಮ ಮನೆ ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ, ಅಮ್ಮನ ತವರು ಕಡಬದಲ್ಲಿ. ಕಡಬ ಆಗ ಪುತ್ತೂರು ತಾಲೂಕಿಗೇ ಸೇರಿತ್ತು. ಬೇರೆ ತಾಲೂಕು ಆದದ್ದು ಮೊನ್ನೆ ಮೊನ್ನೆ. ಮಳೆಗಾಲದಲ್ಲಿ ತವರಿಗೆ ಹೊರಟರೆ ಹೊಸ್ಮಠದ ಮುಳುಗು ಸೇತುವೆಯ ಹತ್ತಿರ ಕಾದು, ನೀರು ಇಳಿದ ಮೇಲೆ ದಾಟಬೇಕು. ದಾಟಿದ ಮೇಲೂ ಸುಖವಿಲ್ಲ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಹಾರಬೇಕಲ್ಲ, ಆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ನೀರಿನ ಪಸೆ ಹೋದರೆ ಕಾರು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಅಪ್ಪ ಬಾನೆಟ್ ಎತ್ತಿ ಪಂಚೆಯ ತುದಿಯಲ್ಲಿ ಒರೆಸುವಾಗ ಅಮ್ಮ ಕೊಡೆ ಹಿಡಿದು ನಿಲ್ಲಬೇಕು. ಬೇಸಿಗೆಯಲ್ಲಿ ಇದರದೇ ತಿರುಗುಮುರುಗು. ಘಾಟಿ ಹತ್ತುವಾಗ ಎಂಜಿನ್ನಿನ ಕಾವಿಗೆ ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿ ಮುಂದಕ್ಕೆ ಹೋಗದು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಹಾಗೆ ನನ್ನ ಒಂದು ಲಂಗದ ತುಂಡು ಬಹಳ ವರ್ಷ ಆ ಕಾರಿನಲ್ಲೇ ಇತ್ತು.

ಹೊಸ ಕಾರು ಕೊಳ್ಳುವ ಮಾತು ನಮ್ಮಲ್ಲಿ ಯಾರೂ ಎತ್ತುತ್ತಿರಲಿಲ್ಲ. 1983ರ ಕೊನೆಗೆ ಮಾರುತಿ ಬಂದು, ಆಮೇಲೆ ಏರಿನಲ್ಲಿ ನಮ್ಮನ್ನು ಹಿಂದೆ ಹಾಕಿ ಹೋಗುವಾಗ ಅಪ್ಪ, "ಅದು ತಗಡು" ಎನ್ನುತ್ತಿದ್ದರು. ಇದ್ದದ್ದನ್ನೇ ಸುಧಾರಿಸುವುದು ನಮ್ಮ ಕ್ರಮ. ಅಡಿಕೆಗೆ ಧಾರಣೆ ಬಂದ ವರ್ಷ ಏನಾದರೂ ಒಂದು ಹೊಸತು ಸೇರುತ್ತಿತ್ತು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದ್ದು ನೆನಪಿದೆ. ಅದಕ್ಕೆ ಮೊದಲು ರಾತ್ರಿ ಕಾರು ನಿಧಾನಿಸಿದರೆ ದೀಪವೂ ಮಂಕಾಗುತ್ತಿತ್ತು. ಮತ್ತೊಂದು ವರ್ಷ ಹ್ಯಾಲೊಜನ್ ಬಲ್ಬು. ಹೀಗೆ ಸ್ವಲ್ಪ ದುಡ್ಡಿಗೆ ಸ್ವಲ್ಪ ಸುಖ.

ದೊಡ್ಡ ಸುಧಾರಣೆ ಎಂದರೆ ಡೀಸೆಲ್. ಕಂಪೆನಿಯೇ 1980ರ ಸುಮಾರಿಗೆ ಡೀಸೆಲ್ ಅಂಬಾಸಿಡರ್ ತಂದಿತ್ತು. ನಮ್ಮ ಕಡೆಯ ಬಾಡಿಗೆ ಕಾರಿನವರು ಹಳೆಯ ಪೆಟ್ರೋಲ್ ಕಾರಿಗೂ ಡೀಸೆಲ್ ಎಂಜಿನ್ ಕೂರಿಸತೊಡಗಿದರು. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬೆಲೆ ಮತ್ತೆ ಜಿಗಿಯಿತು. ಡೀಸೆಲ್ ಅದರ ಅರ್ಧಕ್ಕೂ ಕಡಿಮೆ. ತಮಾಷೆಯೆಂದರೆ ಆ ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನದಕ್ಕಿಂತ ಶಕ್ತಿ ಕಡಿಮೆ, ನಲವತ್ತು ಅಶ್ವಶಕ್ತಿಯೂ ಇಲ್ಲ. ಆದರೂ ಎಲ್ಲರೂ ಅದನ್ನು 'ಪವರ್' ಎಂದೇ ಕರೆದರು. ಲೀಟರಿಗೆ ಒಂಬತ್ತು ಕಿಲೋಮೀಟರ್ ಹೋಗುತ್ತಿದ್ದ ನಮ್ಮ ಕಾರು ಹದಿನಾಲ್ಕು ಹೋದರೆ ಬೇರೆ ಯಾವ ಪವರ್ ಬೇಕು? ಮೇಲಾಗಿ ಡೀಸೆಲ್ಲಿಗೆ ಕಿಡಿಯೇ ಬೇಡ. ಒತ್ತಡದ ಕಾವಿಗೆ ತಾನೇ ಹೊತ್ತಿಕೊಳ್ಳುತ್ತದೆ. ಮಳೆಗೆ ಹೆದರದ ಎಂಜಿನ್ ಎಂದರೆ ನಮ್ಮೂರಿಗೆ ಹೇಳಿ ಮಾಡಿಸಿದ್ದು.

ಪುತ್ತೂರಿನ ಮೆಕ್ಯಾನಿಕ್ ಒಬ್ಬರು ಹಳೆಯ ಡೀಸೆಲ್ ಎಂಜಿನ್ನನ್ನು ಬಿಚ್ಚಿ ಸರಿಮಾಡಿ ಕೂರಿಸಲು 18,000 ರೂಪಾಯಿ ಹೇಳಿದರು. ಅದು 1991. ಅಪ್ಪನ ಕೈಯಲ್ಲಿ ಅರ್ಧವೂ ಇರಲಿಲ್ಲ. ಅಮ್ಮನ ಎರಡು ಬಳೆ ಸೊಸೈಟಿಗೆ ಹೋಯಿತು. ಅಮ್ಮ ಬೇಡವೆನ್ನಲಿಲ್ಲ. ಗ್ಯಾರೇಜಿನ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು: "ಬ್ರೇಕಿಗೆ ಏನೂ ಮಾಡ್ಲಿಕ್ಕಿಲ್ವಾ?" ಮೆಕ್ಯಾನಿಕ್ ತಲೆಯಾಡಿಸಿ, "ಹೌದಮ್ಮ, ಈ ಎಂಜಿನ್ ಭಾರ ಜಾಸ್ತಿ, ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು, ಒಂಬೈನೂರು ಆದೀತು" ಎಂದರು. ಅಪ್ಪ, "ಬರುವ ಕೊಯ್ಲಿಗೆ ಆಗಲಿ" ಎಂದುಬಿಟ್ಟರು. ಎಂಜಿನ್ ಬಾನೆಟ್ ಎತ್ತಿದರೆ ನಾಲ್ಕು ಜನಕ್ಕೆ ಕಾಣುತ್ತದೆ. ಬ್ರೇಕ್ ಡ್ರಮ್ಮಿನೊಳಗೆ ಕೂತದ್ದು ಯಾರಿಗೆ ಕಾಣಬೇಕು?

ಕೊಯ್ಲು ಬರಲಿಲ್ಲ, ಮೊದಲೇ ಮಡಿಕೇರಿಯಲ್ಲಿ ಒಂದು ಗೃಹಪ್ರವೇಶ ಬಂತು. ಹೋಗುವಾಗ ಕಾರು ಒಮ್ಮೆಯೂ ನಿಲ್ಲದೆ ಸಂಪಾಜೆ ಘಾಟಿ ಹತ್ತಿತು. ಅಪ್ಪ ಸಿಳ್ಳೆ ಹಾಕಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ; ಹತ್ತಿದ್ದನ್ನೆಲ್ಲ ಸಂಜೆ ಇಳಿಯಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬುದು ಹಳೆಯ ಡ್ರೈವರುಗಳ ಕ್ರಮ. ಅಪ್ಪನಿಗೆ ಅದು ಗೊತ್ತಿಲ್ಲದ್ದಲ್ಲ. ಆ ದಿನ ಹುಮ್ಮಸ್ಸಿನಲ್ಲಿ ಮೂರನೇ ಗೇರಿನಲ್ಲಿ ಬಿಟ್ಟರು, ಬ್ರೇಕನ್ನೇ ನಂಬಿದರು. ಒಂದೇ ಸಮನೆ ಬ್ರೇಕ್ ಒತ್ತಿದರೆ ಡ್ರಮ್ ಕಾದು ಹಿಗ್ಗುತ್ತದೆ, ಸವೆದ ಲೈನಿಂಗ್ ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂತು. ಅಪ್ಪ ಪೆಡಲ್ ಮತ್ತೆ ಮತ್ತೆ ತುಳಿದರು, ಅದು ನೆಲಕ್ಕೆ ಮುಟ್ಟಿತು. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಣಿವೆಯ ಕಡೆಗಲ್ಲದೆ ಗುಡ್ಡದ ಬದಿಗೆ ಕಾರನ್ನು ಉಜ್ಜಿಸಿ ನಿಲ್ಲಿಸಿದರು. ನಾವು ಏಳು ಜನ ಇದ್ದೆವು. ಮುಂದೆ ಕೂತಿದ್ದ ಚಿಕ್ಕಮ್ಮನ ಕಾಲರ್ ಎಲುಬು ಮುರಿಯಿತು. ಉಳಿದವರಿಗೆ ತರಚಿದ ಗಾಯ ಅಷ್ಟೆ. ಅಮ್ಮ ಏನೂ ಹೇಳಲಿಲ್ಲ. ದಾರಿ ಬದಿಯ ಕಲ್ಲಿನ ಮೇಲೆ ಕೂತು ಬೋಳು ಕೈಯಿಂದ ಚಿಕ್ಕಮ್ಮನ ಬೆನ್ನು ಸವರುತ್ತಿದ್ದರು.

ಮರುವಾರ ಅಪ್ಪ ತಾವೇ ಗ್ಯಾರೇಜಿಗೆ ಹೋದರು. ಡ್ರಮ್ಮುಗಳನ್ನು ಲೇತಿಗೆ ಹಾಕಿ ಸಮಮಾಡಿಸಿ, ಹೊಸ ಲೈನಿಂಗ್, ವೀಲ್ ಸಿಲಿಂಡರುಗಳಿಗೆ ಹೊಸ ರಬ್ಬರು, ಹೊಸ ಬ್ರೇಕ್ ಆಯಿಲ್ ಹಾಕಿಸಿದರು. ಬಿಲ್ಲು 940 ರೂಪಾಯಿ. ಚಿಕ್ಕಮ್ಮನ ಆಸ್ಪತ್ರೆಯ ಖರ್ಚು ಅದರ ನಾಲ್ಕು ಪಾಲು ಆಗಿತ್ತು. ಹೊಸ್ಮಠದಲ್ಲಿ ನೀರು ದಾಟಿದ ಮೇಲೆ ಸ್ವಲ್ಪ ದೂರ ಪೆಡಲನ್ನು ಹಗುರಾಗಿ ಒತ್ತಿಕೊಂಡೇ ಓಡಿಸಿ ಡ್ರಮ್ ಒಣಗಿಸುವುದನ್ನೂ ಅಪ್ಪ ಆಮೇಲೆ ಒಮ್ಮೆಯೂ ಮರೆಯಲಿಲ್ಲ. ಈಗ ಅಲ್ಲಿ ಎತ್ತರದ ಸೇತುವೆ ಬಂದಿದೆ.

1992ರಲ್ಲಿ ಇಸುಜು ಎಂಜಿನ್, ಐದು ಗೇರಿನ ಅಂಬಾಸಿಡರ್ ಬಂದಾಗ ಮೆಕ್ಯಾನಿಕ್ ಅದರ ಗುಣಗಾನ ಮಾಡಿದರೂ ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬಳೆ ಬಿಡಿಸಿದ್ದು 1995ರಲ್ಲಿ. ನನ್ನ ಮದುವೆಗೆ ಅವೇ ಬಳೆ ನನ್ನ ಕೈಗೆ ಬಂದವು. 2003ರಲ್ಲಿ ಕಡಬದ ಕಡೆಯವರೊಬ್ಬರು ಕಾರನ್ನು ಎಂಜಿನ್ನಿಗಾಗಿಯೇ ಕೊಂಡು ಹೋದರು. ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು. ಪತ್ರಿಕೆಯಲ್ಲಿ ಆ ಸುದ್ದಿ ಓದಿ ಹೇಳಿದಾಗ ಅಮ್ಮ, "ನಮ್ಮದು ಯಾವ ಇಸವಿಯದ್ದು?" ಎಂದು ಕೇಳಿದರು. 1976 ಎಂದೆ. ಚಿಕ್ಕಮ್ಮ ಅಲ್ಲೇ ಕೂತಿದ್ದರು. ಮಾತಾಡದೆ ಎಡ ಭುಜವನ್ನೊಮ್ಮೆ ಮುಟ್ಟಿ ನೋಡಿಕೊಂಡರು.